ವಕೀಲರಿಲ್ಲದ ವಿಚ್ಛೇದನ ಅರ್ಜಿ ಮತ್ತು ಗಡಿನಾಡಿನ ಭಾಷಾ ಪ್ರಶ್ನೆ

ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಯುವತಿಯೊಬ್ಬರು ಕೆಲವು ತಿಂಗಳ ಹಿಂದೆ ಮಲಯಾಳದಲ್ಲಿ ಬೆರಳಚ್ಚಾದ ನಾಲ್ಕು ಪುಟಗಳನ್ನು ನಮ್ಮ ಮುಂದಿರಿಸಿ, "ಟೀಚರ್, ಸಹಿ ಹಾಕುವ ಮೊದಲು ಇದನ್ನೊಮ್ಮೆ ಓದಿ ಹೇಳಿ" ಎಂದರು. ದಂಪತಿ ಜಗಳವಿಲ್ಲದೆ ಬೇರ್ಪಡಲು ಒಪ್ಪಿದ್ದರು. ಆದರೆ ತವರಿನವರು ಹಾಕಿದ ಚಿನ್ನವೆಲ್ಲ ಮರಳಿ ಸಂದಿದೆ, ಮುಂದೆ ಜೀವನಾಂಶ ಕೇಳುವುದಿಲ್ಲ ಎಂದು ಮೂರನೆಯ ಪುಟದಲ್ಲಿ ಅವರ ಹೆಸರಿನಲ್ಲೇ ಬರೆದಿತ್ತು. ಚಿನ್ನ ಮರಳಿರಲಿಲ್ಲ. ಜೀವನಾಂಶವೆಂಬ ಪದ ಎರಡೂ ಭಾಷೆಗಳಲ್ಲಿದೆ. ಯಾರಾದರೂ ಓದಿ ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಲಿಪಿಯೊಂದೇ ಅಡ್ಡಿಯಾಗಿತ್ತು.

ಪರಸ್ಪರ ಒಪ್ಪಿಗೆಯ ವಿಚ್ಛೇದನವು ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ 13ಬಿ ಕಲಮಾಗಿ ಸೇರಿತು. ಇಲ್ಲಿ ಯಾರ ತಪ್ಪನ್ನೂ ಸಾಬೀತುಪಡಿಸಬೇಕಾಗಿಲ್ಲ. ಒಂದು ವರ್ಷ ಪ್ರತ್ಯೇಕವಾಗಿ ಬಾಳಿದ ದಂಪತಿ ಜಂಟಿಯಾಗಿ ಅರ್ಜಿ ಸಲ್ಲಿಸಿ, ಆರು ತಿಂಗಳ ಬಳಿಕ, ಹದಿನೆಂಟು ತಿಂಗಳೊಳಗೆ, ಮತ್ತೊಮ್ಮೆ ಒಪ್ಪಿಗೆ ತಿಳಿಸಬೇಕು. ಈ ಆರು ತಿಂಗಳ ಕಾಯುವಿಕೆ ಎಲ್ಲ ಪ್ರಕರಣಗಳಲ್ಲೂ ಕಡ್ಡಾಯವಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕ್ರೈಸ್ತ ದಂಪತಿಗೆ ವಿಧಿಸಿದ್ದ ಒಂದು ವರ್ಷದ ನಿರ್ಬಂಧವನ್ನು ಕೇರಳ ಹೈಕೋರ್ಟು 2022ರಲ್ಲಿ ರದ್ದುಪಡಿಸಿತು.

ಇದಕ್ಕೆ ವಕೀಲರು ಬೇಕೇ ಬೇಕೆ? 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 13ನೆಯ ಕಲಮಿನ ಪ್ರಕಾರ ಈ ನ್ಯಾಯಾಲಯಗಳಲ್ಲಿ ವಕೀಲರ ಮೂಲಕವೇ ವಾದಿಸುವುದು ಯಾರದೂ ಹಕ್ಕಲ್ಲ. ಅಗತ್ಯವೆನಿಸಿದರೆ ನ್ಯಾಯಾಲಯವೇ ಕಾನೂನು ತಜ್ಞರ ನೆರವು ಪಡೆಯಬಹುದು. ರೂಢಿಯಲ್ಲಿ ವಕೀಲರಿಗೆ ಅನುಮತಿ ದೊರೆಯುತ್ತದೆಯಾದರೂ, ಸಾಮಾನ್ಯ ಜನರು ತಾವೇ ಬಂದು ತಮ್ಮ ಮಾತನ್ನು ಹೇಳಿಕೊಳ್ಳಲಿ ಎಂಬುದೇ ಕಾಯ್ದೆಯ ಆಶಯ. ಮದುವೆಯ ದಾಖಲೆ, ವಿಳಾಸದ ಪುರಾವೆ, ಒಪ್ಪಂದದ ಷರತ್ತುಗಳಿದ್ದರೆ ಒಮ್ಮತದ ದಂಪತಿಗೆ ಇದು ಅಸಾಧ್ಯವಾದ ಕೆಲಸವಲ್ಲ.

ಆದರೆ ತನ್ನ ಮಾತನ್ನು ತಾನೇ ಹೇಳಬೇಕಾದವರಿಗೆ ಅದನ್ನು ಯಾವ ಭಾಷೆಯಲ್ಲಿ ಹೇಳಬೇಕೆಂಬ ಪ್ರಶ್ನೆ ಏಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಿ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು ನಮಗೆ ಕೊಟ್ಟಿದೆ. ನ್ಯಾಯಾಲಯದ ಅರ್ಜಿ ಪತ್ರವ್ಯವಹಾರವಲ್ಲ. ಅಧೀನ ನ್ಯಾಯಾಲಯಗಳ ಭಾಷೆಯನ್ನು ಗೊತ್ತುಪಡಿಸುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಕಲಮು ರಾಜ್ಯ ಸರಕಾರಕ್ಕೆ ನೀಡಿದೆ. ನಮ್ಮ ಹಕ್ಕೊತ್ತಾಯಗಳು ಶಾಲೆ, ನಾಮಫಲಕ, ಪರೀಕ್ಷೆಗಳ ಸುತ್ತಲೇ ಸುತ್ತಿದವು. ಈ ಕಲಮಿನತ್ತ ನಾವು ಗಮನ ಹರಿಸಿದ್ದು ತೀರಾ ಕಡಿಮೆ.

ಕೆಲವರಿಗೆ ಗಡಿಯೇ ದಾರಿಯಾಗುತ್ತದೆ. ಹಿಂದೂ ವಿವಾಹ ಕಾಯ್ದೆಯಂತೆ ಮದುವೆ ನಡೆದ ಸ್ಥಳದಲ್ಲಿ ಅಥವಾ ದಂಪತಿ ಕೊನೆಯದಾಗಿ ಜೊತೆಯಾಗಿ ವಾಸಿಸಿದ ಸ್ಥಳದಲ್ಲಿ ಅರ್ಜಿ ಸಲ್ಲಿಸಬಹುದು. ಮಂಜೇಶ್ವರದ ದಂಪತಿಯ ಮದುವೆ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ನಡೆದಿದ್ದರೆ ದಕ್ಷಿಣ ಕನ್ನಡದಲ್ಲಿ, ಕನ್ನಡದಲ್ಲೇ ಅರ್ಜಿ ಹಾಕಬಹುದು. ಬದಿಯಡ್ಕದಲ್ಲೇ ಮದುವೆಯಾಗಿ ಅಲ್ಲೇ ಬಾಳಿದವರಿಗೆ ಈ ದಾರಿಯಿಲ್ಲ. ತನ್ನ ಭಾಷೆಯಲ್ಲಿ ನ್ಯಾಯ ಕೇಳಲು ಹೊಳೆ ದಾಟಬೇಕಾದರೆ ಅದನ್ನು ಹಕ್ಕೆನ್ನಲಾಗದು.

ವಕೀಲರಿಲ್ಲದೆ ಹೋಗುವುದೇ ಹಿರಿಮೆಯೆಂದು ನಾವು ಹೇಳುತ್ತಿಲ್ಲ. ಚಿನ್ನ, ಆಸ್ತಿ, ಮಕ್ಕಳ ಪಾಲನೆಯ ವಿಷಯದಲ್ಲಿ ಸಣ್ಣ ಸಂದೇಹವಿದ್ದರೂ ಸಲಹೆ ಪಡೆಯಲೇಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಆದಾಯವೆಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಸಲ್ಲಬೇಕು. ಸಹಾಯವಾಣಿಯ ಸಂಖ್ಯೆ 15100. ಒಪ್ಪಿಗೆಯಿತ್ತವರು ತೀರ್ಪಿಗೆ ಮೊದಲು ಅದನ್ನು ಹಿಂಪಡೆಯಬಹುದೆಂದು ಸುಪ್ರೀಂ ಕೋರ್ಟು 1991ರಲ್ಲೇ ತಿಳಿಸಿದೆ. ಮಕ್ಕಳ ಜೀವನಾಂಶದ ಹಕ್ಕು ತಾಯಿಯ ಸಹಿಯಿಂದ ಅಳಿಯುವುದಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಜಂಟಿ ಅರ್ಜಿಯ ಮಾದರಿ ನಮೂನೆ ಕಾಸರಗೋಡಿನಲ್ಲಿ ಕನ್ನಡದಲ್ಲೂ ದೊರೆಯಬೇಕು. ಷರತ್ತುಗಳನ್ನು ಅರ್ಜಿದಾರರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಗಿದೆ ಎಂಬುದು ದಾಖಲಾಗಬೇಕು. ಕಾನೂನು ನೆರವಿನ ವಕೀಲರ ಪಟ್ಟಿಯಲ್ಲಿ ಕನ್ನಡ ಬಲ್ಲವರು ಇರಬೇಕು.

ಸರಕಾರ ಮಾಡುವವರೆಗೆ ನಾವೂ ಸುಮ್ಮನಿರಬೇಕಾಗಿಲ್ಲ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರಾಗಲು ಶಿಕ್ಷಕರಿಗೆ, ನಿವೃತ್ತರಿಗೆ ಅವಕಾಶವಿದೆ. ಎರಡೂ ಲಿಪಿ ಬಲ್ಲ ಕನ್ನಡ ಅಧ್ಯಾಪಕರು ಈ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಆ ಯುವತಿ ಅಂದು ಸಹಿ ಹಾಕಲಿಲ್ಲ. ಷರತ್ತುಗಳು ತಿದ್ದುಪಡಿಯಾದ ಮೇಲೆ ಹಾಕಿದರು. ಅದಕ್ಕೆ ತಗಲಿದ್ದು ನಮ್ಮ ಅರ್ಧ ಗಂಟೆಯ ಓದು.