ತೋಟದ ಹಳದಿಯೂ ವಿಶ್ವವಿದ್ಯಾನಿಲಯದ ಬೊಕ್ಕಸವೂ

ಕಲ್ಲುಗುಂಡಿ, ಸಂಪಾಜೆ, ಅರಂತೋಡು ಕಡೆಯ ಕೃಷಿಕ ಬಾಂಧವರು ಸಿಕ್ಕಿದಾಗಲೆಲ್ಲ ನನ್ನಲ್ಲಿ ಕೇಳುವುದು ಎರಡು ಪ್ರಶ್ನೆ. ಅಡಿಕೆಯ ಹಳದಿ ಎಲೆ ರೋಗಕ್ಕೆ ಮದ್ದು ಬಂತೇ? ಮಕ್ಕಳ ಕಾಲೇಜು ಫೀಸಿಗೆ ಕೊನೆಯಿಲ್ಲವೇ? ಅಡಿಕೆ ತೋಟಗಾರಿಕೆ ಇಲಾಖೆಯದ್ದು, ಫೀಸು ನನ್ನದಲ್ಲ ಎಂದು ಜಾರಿಕೊಳ್ಳಬಹುದು. ಆದರೆ ಎರಡರ ಬೇರೂ ಒಂದೇ ಕಡೆಗೆ ಹೋಗುತ್ತದೆ. ಸರಕಾರಿ ವಿಶ್ವವಿದ್ಯಾನಿಲಯಗಳು ಹಣ ಹೊಂದಿಸುವ ರೀತಿಯನ್ನು ತಾವೂ ತಿಳಿದಿರಬೇಕು.

ಹತ್ತಿರದ್ದನ್ನೇ ನೋಡಿ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಕರಾವಳಿಯ ಕಾಲೇಜುಗಳೂ ಕೊಡಗಿನ ಕಾಲೇಜುಗಳೂ ಸೇರಿದ್ದವು. ಸರಕಾರದ ಅನುದಾನದ ಬಹುಪಾಲು ಸಂಬಳಕ್ಕೆ ಹೋಗುತ್ತದೆ. ಉಳಿದ ಖರ್ಚಿಗೆ ವಿಶ್ವವಿದ್ಯಾನಿಲಯ ನಂಬಿದ್ದು ಕಾಲೇಜುಗಳ ಸಂಯೋಜನಾ ಶುಲ್ಕ ಮತ್ತು ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕವನ್ನು. ಒಂದೇ ಬೆಳೆಯನ್ನು ನಂಬಿದ ತೋಟ ಎನ್ನಿ. ಮೊದಲು ದೊಡ್ಡ ಕಾಲೇಜುಗಳು ಸ್ವಾಯತ್ತವಾಗಿ ತಮ್ಮ ಪರೀಕ್ಷೆಯನ್ನು ತಾವೇ ನಡೆಸತೊಡಗಿದವು. 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾನಿಲಯ ಆರಂಭವಾಯಿತು. ಸಂಪಾಜೆ ದಾಟಿದೊಡನೆ ಬೇರೆ ವಿಶ್ವವಿದ್ಯಾನಿಲಯದ ಗಡಿ! ಅಲ್ಲಿಂದ ಬರುತ್ತಿದ್ದ ಶುಲ್ಕವೂ ಗಡಿ ದಾಟಿತು. ನಿವೃತ್ತರ ಪಿಂಚಣಿಯ ಹೊಣೆ ಮಾತ್ರ ಹಳೆಯ ಮನೆಯಲ್ಲೇ ಉಳಿಯಿತು. ಹಿಸ್ಸೆಯಾದ ಕುಟುಂಬಗಳಲ್ಲಿ ಇದನ್ನು ನಾವು ಕಂಡವರೇ.

ಹೊಸ ಮನೆಯಾದರೂ ಸುಖವಾಗಿತ್ತೇ? ಆಗ ರಾಜ್ಯದಲ್ಲಿ ಹುಟ್ಟಿದ ಹೊಸ ವಿಶ್ವವಿದ್ಯಾನಿಲಯಗಳ ಪೈಕಿ ಒಂಬತ್ತನ್ನು ಮುಚ್ಚಬಹುದೆಂದು 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಅಭಿಪ್ರಾಯಪಟ್ಟಿತು. ಕೊಟ್ಟಿಗೆ ಕಟ್ಟುವ ಮೊದಲೇ ಹುಲ್ಲಿನ ಲೆಕ್ಕ ಹಾಕಬೇಕಿತ್ತು.

ಶುಲ್ಕವನ್ನೇ ನಂಬಿದರೆ ಕೆಲಸದ ಮೇಲೆ ಆಗುವ ಪರಿಣಾಮ ಇದು: ಖಾಯಂ ಹುದ್ದೆ ತುಂಬುವ ಬದಲು ಅತಿಥಿ ಉಪನ್ಯಾಸಕರಿಂದ ಪಾಠ ಸಾಗುತ್ತದೆ, ಪ್ರಯೋಗಾಲಯಕ್ಕೆ ಸಾಮಾನು ತಡವಾಗುತ್ತದೆ, ಹಣ ತರುವ ಹೊಸ ಕೋರ್ಸುಗಳಿಗೆ ಮಣೆ ಹಾಕಲಾಗುತ್ತದೆ. ನನ್ನ ಬಂಧುಗಳ ಮಗಳೊಬ್ಬಳು ಅಂಕಪಟ್ಟಿ ಸಮಯಕ್ಕೆ ಬಾರದೆ ಸಿಕ್ಕಿದ ಕೆಲಸವನ್ನು ಕಳೆದುಕೊಂಡಳು. ಯಾವ ಸಂಸ್ಥೆ ಎಂಬುದು ಬೇಡ.

ಇನ್ನು ಕೃಷಿ ವಿಶ್ವವಿದ್ಯಾನಿಲಯಗಳು. 1964ರಲ್ಲಿ ಬೆಂಗಳೂರಿನಲ್ಲಿ ಒಂದಿತ್ತು. ಈಗ ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿಯೂ ಇವೆ, ಬಾಗಲಕೋಟೆಯದ್ದು ತೋಟಗಾರಿಕೆಗೆ. ಇವುಗಳಿಗೆ ಕಾಲೇಜು ಸಂಯೋಜನೆಯ ಆದಾಯ ಹೆಚ್ಚಿಲ್ಲ. ರಾಜ್ಯದ ಅನುದಾನ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಯೋಜನೆಗಳ ಹಣ, ಬೀಜ ಮತ್ತು ಸಸಿಗಳ ಮಾರಾಟ ಇವೇ ಆಧಾರ. ಬೀಜ ಮಾರಿ ಬಂದ ಹಣದಿಂದ ಮತ್ತೆ ಬೀಜ ಬೆಳೆಸುವ ಆವರ್ತ ನಿಧಿ ಒಳ್ಳೆಯ ಏರ್ಪಾಡು. ರೈತನಿಗೂ ಒಳ್ಳೆಯ ಬೀಜ ಸಿಗುತ್ತದೆ. ತೊಡಕಿರುವುದು ಯೋಜನೆಗಳ ಹಣದಲ್ಲಿ. ಅದು ಸಾಮಾನ್ಯವಾಗಿ ಮೂರು ವರ್ಷಕ್ಕೆ ಬರುತ್ತದೆ. ಭತ್ತದ ಪ್ರಯೋಗಕ್ಕೆ ಅಷ್ಟು ಸಾಕಾದೀತು. ಅಡಿಕೆ ಸಸಿ ಹಿಂಗಾರ ಬಿಡುವುದಕ್ಕೇ ನಾಲ್ಕೈದು ವರ್ಷ ಬೇಕು.

ಹಳದಿ ಎಲೆ ರೋಗ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ, ಜಿಗಿಹುಳು ಜಾತಿಯ ಕೀಟ ಅದನ್ನು ಹರಡುತ್ತದೆ. ಸಿಂಪಡಿಸಿ ವಾಸಿ ಮಾಡುವ ಮದ್ದಿಲ್ಲ. ಕಾಸರಗೋಡು ಮತ್ತು ವಿಟ್ಲದಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಹಿಡಿದಿರುವ ದಾರಿಯೆಂದರೆ, ರೋಗದ ತೋಟದ ನಡುವೆಯೂ ಹಸುರಾಗಿ ನಿಂತ ಮರಗಳನ್ನು ಗುರುತಿಸಿ ಅವುಗಳಿಂದ ಸಸಿ ಎಬ್ಬಿಸಿ ಪರೀಕ್ಷಿಸುವುದು. ಅದು ಕೇಂದ್ರದ ಹಣದಿಂದ ನಡೆಯುವ ಸಂಸ್ಥೆ, ಆದುದರಿಂದ ಅಷ್ಟು ಕಾಲ ಕಾಯಲು ಸಾಧ್ಯ. ತುಂಡು ಯೋಜನೆಯ ಹಣದಲ್ಲಿ ಯಾವ ವಿಶ್ವವಿದ್ಯಾನಿಲಯವೂ ಇಂಥ ಕೆಲಸವನ್ನು ಕೊನೆ ಮುಟ್ಟಿಸಲಾರದು. ಮೂರು ವರ್ಷದಲ್ಲಿ ವರದಿ ಕೊಡಬಹುದು, ಸಸಿ ಕೊಡಲಾಗದು.

ಆದುದರಿಂದ ಕೃಷಿ ಮೇಳಕ್ಕೆ ಹೋದಾಗ ಸಸಿಯ ದರ ಕೇಳುವುದರೊಂದಿಗೆ ಪ್ರಯೋಗಕ್ಕೆ ಎಷ್ಟು ವರ್ಷದ ಹಣವಿದೆ ಎಂದೂ ಕೇಳಿರಿ. ಮಕ್ಕಳನ್ನು ಕೃಷಿ ಪದವಿಗೆ ಸೇರಿಸುವ ಇರಾದೆಯಿದ್ದರೆ, 2021ರಲ್ಲಿ ಕೃಷಿಕರ ಮಕ್ಕಳ ಮೀಸಲನ್ನು ಶೇಕಡಾ 40ರಿಂದ 50ಕ್ಕೆ ಏರಿಸಲಾಗಿದೆ. ಪ್ರಾಯೋಗಿಕ ಪರೀಕ್ಷೆಗೆ ಬೀಜ, ಗೊಬ್ಬರ, ಕಳೆಗಳನ್ನು ಮಕ್ಕಳಿಗೆ ಈಗಲೇ ತೋಟದಲ್ಲಿ ತೋರಿಸಿರಿ. ತಹಶೀಲ್ದಾರರ ಪ್ರಮಾಣಪತ್ರಕ್ಕೆ ಕೊನೆಯ ವಾರದಲ್ಲಿ ಓಡಬೇಡಿ.