ಸರ್‌ನೇಮ್ ಹಾಕಿದರೆ ವಂಶವೃಕ್ಷ ಸಿಗುತ್ತದೆಯೇ? ಕುಂದಾಪುರದಲ್ಲಿ ಹಿರಿಯರನ್ನು ಹುಡುಕುವ ದಾರಿಯೇ ಬೇರೆ

‘ನಿಮ್ಮ ಸರ್‌ನೇಮ್, ಅಪ್ಪನ ಹೆಸರು ಹಾಕಿ, ನೂರಾರು ವರ್ಷಗಳ ವಂಶವೃಕ್ಷ ಪಡೆಯಿರಿ’ ಎನ್ನುವ ಧಾಟಿಯ ಲಿಂಕ್‌ಗಳು ಫ್ಯಾಮಿಲಿ ಗ್ರೂಪ್‌ಗಳಿಗೆ ಆಗಾಗ ಬರುತ್ತವೆ. ನಮ್ಮ ಗ್ರೂಪಿಗೂ ಬಂತು. ಮಾವ ಒಬ್ಬರು ಹೆಸರು, ಊರು, ಮೊಬೈಲ್ ನಂಬರ್ ಎಲ್ಲ ತುಂಬಿದರು. ಬಂದದ್ದು ಬಣ್ಣಬಣ್ಣದ ಮರದ ಚಿತ್ರ. ಅದರಲ್ಲಿದ್ದವರು ಯಾರೂ ನಮ್ಮವರಲ್ಲ. ನಂಬರ್ ಕೊಟ್ಟದ್ದಕ್ಕೆ ಜಾಹೀರಾತು ಕರೆಗಳು ಮಾತ್ರ ಶುರುವಾದವು.

ಈ ಮಾದರಿ ಎಲ್ಲಿಂದ ಬಂತು? ಹೆಚ್ಚಾಗಿ ಅಮೆರಿಕದಿಂದ. ಅಲ್ಲಿ 1850ರ ಜನಗಣತಿಯಿಂದ ಮನೆಯಲ್ಲಿದ್ದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು ಬರೆದರು. ಅದಕ್ಕೆ ಮೊದಲು ಯಜಮಾನನ ಹೆಸರು ಮಾತ್ರ ಇರುತ್ತಿತ್ತು. 1880ರಿಂದ ಯಾರು ಯಾರಿಗೆ ಏನಾಗಬೇಕು ಎಂಬುದೂ ದಾಖಲಾಯಿತು. 72 ವರ್ಷ ಕಳೆದ ಮೇಲೆ ಆ ಹಾಳೆಗಳು ಸಾರ್ವಜನಿಕರಿಗೆ ತೆರೆಯುತ್ತವೆ. 1950ರದ್ದು 2022ರಲ್ಲಿ ತೆರೆಯಿತು. ಹಾಗಾಗಿ ಅಲ್ಲಿನವರಿಗೆ 19ನೇ ಶತಮಾನದ ಮುತ್ತಜ್ಜ ಸಿಗುವುದು ಅಪರೂಪವೇನಲ್ಲ. ಎಲ್ಲರಿಗೂ ಅಲ್ಲ ಎನ್ನುವುದೂ ನಿಜ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಮಾಲೀಕನ ಹೆಸರಿದೆ, ಗುಲಾಮರಿಗೆ ವಯಸ್ಸು, ಲಿಂಗ, ಬಣ್ಣದಂಥ ವಿವರಗಳಷ್ಟೇ. ಎಷ್ಟೋ ಕಪ್ಪು ಕುಟುಂಬಗಳ ಹುಡುಕಾಟ 1870ಕ್ಕೆ ಬಂದು ನಿಂತುಬಿಡುತ್ತದೆ.

ನಮ್ಮಲ್ಲಿ ಆ ಬಾಗಿಲೇ ಇಲ್ಲ. ಭಾರತದ ಜನಗಣತಿಯಲ್ಲಿ ಮನೆಮನೆಯಿಂದ ಬರೆದುಕೊಂಡ ವಿವರಗಳನ್ನು 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಯಾರೂ ನೋಡುವಂತಿಲ್ಲ. ‘ಸೆನ್ಸಸ್‌ನಿಂದ ತೆಗೆದ ನಿಮ್ಮ ವಂಶಾವಳಿ’ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಇನ್ನೂ ದೊಡ್ಡ ತೊಡಕಿದೆ. ಆ್ಯಪ್ ಕೇಳುವುದು ಅಪ್ಪನ ಹೆಸರು. ಆದರೆ ಇಲ್ಲಿನ ಬಂಟರು, ಬಿಲ್ಲವರು, ಮೊಗವೀರರು ಸೇರಿ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನ ನಡೆದುಬಂದಿತ್ತು. ಗಂಡಸಿನ ಆಸ್ತಿಗೆ ವಾರಸುದಾರರು ಅವನ ಮಕ್ಕಳಲ್ಲ, ಅಕ್ಕತಂಗಿಯರ ಮಕ್ಕಳು. ‘ಬಳಿ’ ಬರುವುದೂ ತಾಯಿಯಿಂದ. ಅಪ್ಪ, ಅಪ್ಪನ ಅಪ್ಪ ಎಂದು ಹಿಂದಕ್ಕೆ ಹೋದರೆ ಪ್ರತಿ ಮೆಟ್ಟಿಲಿಗೂ ಬೇರೆ ಕುಟುಂಬ, ಬೇರೆ ಬಳಿ ಸಿಗುತ್ತದೆ. ಹಳೆಯ ಶಾಲಾ ದಾಖಲಾತಿ ಪುಸ್ತಕದಲ್ಲಿ ಪೋಷಕರು ಎಂದಿರುವುದು ಸೋದರಮಾವನ ಹೆಸರಾಗಿರಬಹುದು. ಅದನ್ನೇ ಅಪ್ಪ ಎಂದು ತಿಳಿದರೆ ಮರವೇ ತಲೆಕೆಳಗು. ಸರ್‌ನೇಮ್ ಕೂಡ ಗಟ್ಟಿ ಸಾಕ್ಷಿಯಲ್ಲ. ಹೆಗ್ಡೆ ಎಂದರೆ ಬಂಟರಿದ್ದಾರೆ, ಜೈನರಿದ್ದಾರೆ, ಹವ್ಯಕರಿದ್ದಾರೆ. ಬ್ರಾಹ್ಮಣ ಮನೆಗಳಲ್ಲಿ ತಂದೆಯ ಕಡೆಯಿಂದಲೇ ವಂಶ ಲೆಕ್ಕ, ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕವಿದೆ. ಅವರ ದಾರಿ ಬೇರೆ.

ಹಾಗಾದರೆ ಎಲ್ಲಿ ಹುಡುಕುವುದು? ನನ್ನ ಪ್ರಕಾರ ಮೊದಲು ಮನೆಯ ಟ್ರಂಕಿನಲ್ಲಿ. ಬೇಕಾದದ್ದು ವಿಭಾಗಪತ್ರ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬರುವವರೆಗೆ ಕುಟುಂಬದ ಒಬ್ಬರು ಪಾಲು ಬೇಕೆಂದು ಹಟ ಹಿಡಿದರೂ ಸಿಗುತ್ತಿರಲಿಲ್ಲ. ಈ ಕಾಯ್ದೆ ‘ಕವರು’ ಲೆಕ್ಕದಲ್ಲಿ ಪಾಲು ಕೇಳುವ ಹಕ್ಕು ಕೊಟ್ಟಿತು. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಬಂದ ಸಂತತಿ. ಪಾಲು ಮಾಡಬೇಕಾದರೆ ಆ ಮೂಲ ಹೆಂಗಸು ಯಾರು ಎಂದು ಹೇಳಲೇಬೇಕು. ಅಮೆರಿಕದ ಹಳೆಯ ಗಣತಿ ಯಜಮಾನನ ಹೆಸರು ಉಳಿಸಿತು, ನಮ್ಮ ಕರಾವಳಿಯ ಪಾಲುಪಟ್ಟಿಗಳು ಅಜ್ಜಿಯರ ಹೆಸರು ಉಳಿಸಿದವು.

ಪತ್ರ ಕಳೆದಿದ್ದರೆ, ಅದು ನೋಂದಣಿಯಾಗಿದ್ದಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಶುಲ್ಕ ಕಟ್ಟಿ ದೃಢೀಕೃತ ನಕಲು ಕೇಳಬಹುದು. ಸುಮಾರು ಯಾವ ವರ್ಷ, ಯಾವ ಗ್ರಾಮ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಇನ್ನೊಂದು ಎಚ್ಚರ: ಬೈಂದೂರು, ಬ್ರಹ್ಮಾವರ ತಾಲೂಕುಗಳಾದದ್ದು ಇತ್ತೀಚೆಗೆ, ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಹಳೆಯ ಕಾಗದದಲ್ಲಿ ಬೈಂದೂರಿನ ಊರುಗಳು ಕುಂದಾಪುರ ತಾಲೂಕಿನಲ್ಲಿ, ಬ್ರಹ್ಮಾವರದವು ಉಡುಪಿ ತಾಲೂಕಿನಲ್ಲಿ ಇರುತ್ತವೆ. ಜಿಲ್ಲೆ ದಕ್ಷಿಣ ಕನ್ನಡ, ಅದಕ್ಕೂ ಹಿಂದೆ ಬರೀ ಕೆನರಾ. 1860ರ ಸುಮಾರಿಗೆ ಕೆನರಾ ಇಬ್ಭಾಗವಾದಾಗ ಕುಂದಾಪುರ ಮೊದಲು ಉತ್ತರಕ್ಕೆ ಹೋಗಿ ಆಮೇಲೆ ದಕ್ಷಿಣಕ್ಕೆ ಮರಳಿತು.

ನಾಡಕಚೇರಿಯ ‘ವಂಶವೃಕ್ಷ’ ಸರ್ಟಿಫಿಕೇಟ್ ಇದೆಯಲ್ಲ ಎನ್ನಬಹುದು. ಅದು ಖಾತೆ ಬದಲಾವಣೆಯಂಥ ಕೆಲಸಕ್ಕೆ. ಅರ್ಜಿದಾರರು ಕೊಟ್ಟ ವಿವರ, ಸ್ಥಳೀಯ ವಿಚಾರಣೆಯ ಮೇಲೆ ತಯಾರಾಗುವ ಕಾಗದ. ನಿಮಗೆ ಗೊತ್ತಿಲ್ಲದ ಮುತ್ತಜ್ಜಿಯನ್ನು ಅದು ಹುಡುಕಿಕೊಡುವುದಿಲ್ಲ. ನಾಗರಪಂಚಮಿಗೆ ಹಾಲೆರೆಯಲು ಹೋಗುವ ಮೂಲಬನ ಒಳ್ಳೆಯ ಸುಳಿವು. ಆ ಊರಿನ ಹೆಸರು ಸಿಕ್ಕರೆ ಜಮೀನಿನ ದಾಖಲೆ ಯಾವ ಗ್ರಾಮದಲ್ಲಿ ನೋಡಬೇಕು ಎಂದು ಗೊತ್ತಾಗುತ್ತದೆ. ಆದರೆ ಮೂಲ ಪ್ರಶ್ನೆಯಲ್ಲಿ ಬಂದ ಮಾತನ್ನು ದಾಖಲೆಯಂತೆ ಬರೆದಿಡಬೇಡಿ, ‘ಹೇಳಿಕೆ’ ಎಂದೇ ಗುರುತು ಹಾಕಿ.

ನಮ್ಮ ಮನೆಯ ವಿಭಾಗಪತ್ರ ಕೊನೆಗೆ ಸಿಕ್ಕಿತು, ಅಂಚು ಗೆದ್ದಲು ತಿಂದಿತ್ತು. ಆ್ಯಪ್‌ನ ಮರದಲ್ಲಿ ಹೆಂಗಸರಿಗೆ ಜಾಗವೇ ಇರಲಿಲ್ಲ. ಇಲ್ಲಿ ಮೊದಲ ಸಾಲಿನಲ್ಲೇ ಅಮ್ಮಮ್ಮನ ಅಜ್ಜಿಯ ಹೆಸರಿತ್ತು. ಅಮ್ಮಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದರು. ಅವರಿಗೂ ಗೊತ್ತಿರಲಿಲ್ಲ.