ಒಣ ಓಟವೆಂದರೆ ಏನು?

ಮಕ್ಕಳೇ, ‘ಡ್ರೈ’ ಎಂದರೆ ಒಣಗಿದ್ದು, ‘ರನ್’ ಎಂದರೆ ಓಟ. ಹಾಗಾದರೆ ‘ಡ್ರೈ ರನ್’ ಎಂದರೆ ಒಣ ಓಟವೇ? ಅಲ್ಲ.

ನಮ್ಮ ದೇಶದಲ್ಲಿ ಕೊರೋನಾ ಲಸಿಕೆ ಹಾಕಲು ತೊಡಗಿದ್ದು 2021ರ ಜನವರಿ 16ರಂದು. ಅದಕ್ಕಿಂತ ಮೊದಲು, 2020ರ ಡಿಸೆಂಬರ್ 28 ಮತ್ತು 29ರಂದು, ನಾಲ್ಕು ರಾಜ್ಯಗಳಲ್ಲಿ ‘ಡ್ರೈ ರನ್’ ನಡೆಯಿತು. ನಮ್ಮ ಆಂಧ್ರಪ್ರದೇಶದ ಕೃಷ್ಣಾ ಜಿಲ್ಲೆಯೂ ಅದರಲ್ಲಿತ್ತು. ಜನರನ್ನು ಸಾಲಾಗಿ ಕರೆದರು, ಹೆಸರು ನೋಡಿದರು, ಕೂರಿಸಿದರು. ಲಸಿಕೆಯನ್ನು ಮಾತ್ರ ಚುಚ್ಚಲಿಲ್ಲ! ನಿಜವಾದ ದಿನ ಎಡವಬಾರದೆಂದು ಮೊದಲೇ ಮಾಡಿ ನೋಡಿದ್ದು ಅದು. ಇದಕ್ಕೆ ಕನ್ನಡದಲ್ಲಿ ತಾಲೀಮು ಎಂಬ ಒಳ್ಳೆಯ ಮಾತಿದೆ. ನಾಟಕದವರು ವೇಷ ಕಟ್ಟಿ, ಬಣ್ಣ ಹಚ್ಚಿ ಮಾಡುವ ಕೊನೆಯ ತಾಲೀಮು ‘ಡ್ರೆಸ್ ರಿಹರ್ಸಲ್’.

ಇಂಗ್ಲಿಷ್ ನುಡಿಗಟ್ಟನ್ನು ಪದ ಪದವಾಗಿ ಒಡೆದು ಬಾಯಿಪಾಠ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆಗೆ ಒಂದು ಅರ್ಥ ಗೊತ್ತಿದ್ದರೆ ಸಾಕು ಎನ್ನುವವರಿದ್ದಾರೆ. ಸಾಲದು. ‘ಡ್ರೈ ಹ್ಯೂಮರ್’ ಎಂಬ ಮಾತನ್ನೇ ನೋಡಿ. ತಾನು ನಗದೆ, ಮುಖ ಬದಲಿಸದೆ, ಕೇಳಿದವರನ್ನು ನಗಿಸುವುದೇ ಅದು. ಸಾಮಾನ್ಯವಾಗಿ ಅದು ಹೊಗಳಿಕೆ. ನೀವು ಅದನ್ನು ‘ಒಣ ಹಾಸ್ಯ’ ಎಂದರೆ ಏನಾಗುತ್ತದೆ? ಕನ್ನಡದಲ್ಲಿ ಒಣಜಂಬ, ಒಣಹರಟೆ, ಒಣ ಉಪದೇಶ ಎನ್ನುತ್ತೇವಲ್ಲ, ಅಲ್ಲೆಲ್ಲ ‘ಒಣ’ ಎಂದರೆ ಹುರುಳಿಲ್ಲದ್ದು. ಹೊಗಳಲು ಹೋಗಿ ಬೈದಂತಾಯಿತು!

ಆದ್ದರಿಂದ, ಅಂಥ ಸಮಯದಲ್ಲಿ ನಮ್ಮ ಮನೆಯ ಹಿರಿಯರು ಏನೆನ್ನುತ್ತಾರೆ ಎಂದು ಮೊದಲು ಕೇಳಿಕೊಳ್ಳಿ. ಆಗ ಸೋಜಿಗದ ಸಂಗತಿಗಳು ಸಿಗುತ್ತವೆ. ಕಷ್ಟದಲ್ಲಿದ್ದವನನ್ನು ಬಿಟ್ಟು ಹೋದರೆ ಇಂಗ್ಲಿಷಿನವರು ಅವನನ್ನು ‘ಹೈ ಅಂಡ್ ಡ್ರೈ’ ಬಿಟ್ಟರು ಎನ್ನುತ್ತಾರೆ. ಸಮುದ್ರದ ನೀರು ಇಳಿದಾಗ ಹಡಗು ಒಣ ನೆಲದ ಮೇಲೆ ಸಿಕ್ಕಿಕೊಳ್ಳುತ್ತದೆ. ಆ ಮಾತು ಬಂದದ್ದು ಅಲ್ಲಿಂದ. ನಾವೋ ‘ನಡುನೀರಿನಲ್ಲಿ ಕೈಬಿಟ್ಟರು’ ಎನ್ನುತ್ತೇವೆ. ಅವರಿಗೆ ನೀರಿಲ್ಲದ್ದು ಕಷ್ಟ, ನಮಗೆ ನೀರೇ ಕಷ್ಟ. ಅರ್ಥ ಮಾತ್ರ ಒಂದೇ. ಪದಗಳನ್ನು ಒಂದೊಂದಾಗಿ ಹೊಂದಿಸುತ್ತ ಕುಳಿತವನಿಗೆ ಇದು ಎಂದೂ ಹೊಳೆಯದು.

ರಂಗದ ಮೇಲೆ ಮಾತು ಮರೆತ ನಟನನ್ನು ಕುರಿತು ಅವರು ‘ಡ್ರೈಡ್’ ಎನ್ನುತ್ತಾರೆ. ನಾವು ಬಾಯಿ ಕಟ್ಟಿತು ಎನ್ನುತ್ತೇವೆ. ಹಾಗಾಗದಿರಲೆಂದೇ ರಿಹರ್ಸಲ್. ಆ ಪದದ ಬೇರು ಹಳೆಯ ಫ್ರೆಂಚ್ ಭಾಷೆಯಲ್ಲಿದೆ. ಹೊಲದಲ್ಲಿ ಮತ್ತೊಮ್ಮೆ ಹಲ್ಲುಕುಂಟೆ ಎಳೆಯುವುದು ಎಂದು ಅದರ ಅರ್ಥ. ಬಿತ್ತುವ ಮೊದಲು ಹೊಲವನ್ನು ಎಷ್ಟು ಸಲ ಹರಗುತ್ತಾರೆ, ಏಕೆ ಹರಗುತ್ತಾರೆ ಎಂದು ನಿಮ್ಮ ಊರಿನ ರೈತರನ್ನು ಕೇಳಿ ಬನ್ನಿ.